ಇತಿ ತಮ್ಮ ವಿಧೇಯ

ನಮ್ಮ ತಾತ ಸತ್ತಾಗ ಅವನ ಆಸ್ತಿ ಅಂತ ಉಳಿದದ್ದು ಒಂದು ತಗಡಿನ ಟ್ರಂಕು. ಬೀಗದ ಕೈ ಅವನ ಉಡಿದಾರದಲ್ಲಿತ್ತು. ತಿಥಿ ಕಳೆದ ಮೇಲೆ ದೊಡ್ಡಪ್ಪ, ಅಪ್ಪ, ಅತ್ತೆಯರು ಸುತ್ತ ಕುಂತು ತೆಗೆದರು. ಅಜ್ಜಿಯ ಬೆಳ್ಳಿ ಕಡಗ ಇದ್ದೀತು ಅಂತ ಅತ್ತೆಗೆ ಆಸೆ. ಒಳಗಿದ್ದದ್ದು ಕಾಗದ. ಬರೀ ಕಾಗದ. ನಾಲ್ಕು ಮಡಿಕೆ ಮಡಿಸಿ, ಮಡಿಕೆಯ ಗೆರೆಯಲ್ಲೇ ಹರಿದು ಹೋದ ಅರ್ಜಿಯ ನಕಲುಗಳು. ಎಣಿಸಿದೆವು, ಮೂವತ್ತೊಂದು. ತಗಡೂರು ಸೀಮೆಯ ನಮ್ಮೂರಿನ ಮಗ್ಗುಲಲ್ಲಿ, ತಾತ ಮದುವೆಗೆ ಮುಂಚಿನಿಂದ ಕಲ್ಲು ಆಯ್ದು ಹುರುಳಿ ಬಿತ್ತುತ್ತಿದ್ದ ಎರಡು ಎಕರೆ ಸರ್ಕಾರಿ ಜಾಗಕ್ಕೆ ಅವನು ಅರವತ್ತು ವರ್ಷ ಬರೆಸಿದ ಅರ್ಜಿಗಳು ಅವು.

ಬರೆಸಿದ ಅಂತ ಯಾಕೆ ಹೇಳುತ್ತೇವೆಂದರೆ ತಾತನಿಗೆ ಅಕ್ಷರ ಇರಲಿಲ್ಲ. ಮೊದಲನೆಯದು ಶಾನುಭೋಗರ ಕೈಬರಹ. ಆಮೇಲಿನವು ಊರ ಮೇಷ್ಟ್ರದು. ಆಮೇಲೆ ನಂಜನಗೂಡಿನ ಕಚೇರಿ ಮುಂದೆ ಮರದ ಕೆಳಗೆ ಟೈಪು ಕುಟ್ಟುವವರದು. ಕೊನೆಯ ಏಳೆಂಟು ನಮ್ಮದೇ ಅಕ್ಷರ, ಮಿಡ್ಲ್ ಸ್ಕೂಲಿನಲ್ಲಿದ್ದಾಗಿನದು. ಕೈ ಬದಲಾಗಿದೆ, ಶಾಯಿ ಬದಲಾಗಿದೆ, ಅಮಲ್ದಾರರು ಹೋಗಿ ತಹಶೀಲ್ದಾರರು ಬಂದಿದ್ದಾರೆ. ಕೊನೆಯ ಸಾಲು ಮಾತ್ರ ಬದಲಾಗಿಲ್ಲ. ಬಡವನ ಮೇಲೆ ದಯವಿಟ್ಟು ಕೊಡಿಸಿಕೊಡಬೇಕಾಗಿ ತಮ್ಮ ಪಾದಾರವಿಂದಗಳಲ್ಲಿ ಬೇಡಿಕೊಳ್ಳುತ್ತೇನೆ, ಇತಿ ತಮ್ಮ ವಿಧೇಯ. ಅದರ ಕೆಳಗೆ ಎಡಗೈ ಹೆಬ್ಬೆಟ್ಟು.

ಪದವಿ ತರಗತಿಯ ಇಂಗ್ಲಿಷ್ ಪಾಠದಲ್ಲಿ ನಮಗೆ ಸಪ್ಲಿಕಂಟ್ ಅನ್ನುವ ಪದ ಎದುರಾಯಿತು. ಮೇಷ್ಟ್ರು ಅರ್ಥ ಹೇಳಿದರು: ದೈನ್ಯದಿಂದ ಬೇಡುವವನು. ಉಳಿದವರು ಬರೆದುಕೊಂಡು ಮುಂದೆ ಹೋದರು. ನಮಗೆ ಆ ಪದ ದಾಟಲಿಕ್ಕೆ ಆಗಲಿಲ್ಲ. ಲೈಬ್ರರಿಯ ದೊಡ್ಡ ನಿಘಂಟು ತೆಗೆದು ನೋಡಿದರೆ ಅದರ ಬೇರು ಲ್ಯಾಟಿನ್ನಿನಲ್ಲಿದೆ. ಕೆಳಕ್ಕೆ ಮಡಿಸು ಅನ್ನುವ ಅರ್ಥದ ಬೇರು. ಅಂದರೆ ಕಾಲು ಮಡಿಸಿದವನು, ಮಂಡಿ ಊರಿದವನು. ಟ್ರಂಕಿನೊಳಗೆ ನಾಲ್ಕು ಮಡಿಕೆಯಾಗಿ ಬಿದ್ದಿದ್ದ ಕಾಗದಗಳು ಕಣ್ಣ ಮುಂದೆ ಬಂದವು.

ಅದೇ ನಿಘಂಟಿನಲ್ಲಿ ಪಿಟಿಷನ್ ಅನ್ನುವ ಪದವನ್ನೂ ನೋಡಿದೆವು. ಅದು ನಮ್ಮ ಹಳ್ಳಿಯ ಬಾಯಲ್ಲೂ ಇರುವ ಪದ. ಅವನು ನನ್ನ ಮೇಲೆ ಪಿಟಿಷನ್ ಹಾಕವ್ನೆ ಅಂತೀವಲ್ಲ, ಅದೇ. ಅದರ ಬೇರಿಗೆ ಬೇಡು ಅನ್ನುವ ಅರ್ಥ ಉಂಟು, ಆದರೆ ಅದಕ್ಕೂ ಮೊದಲು ಕಡೆಗೆ ನಡೆ, ಗುರಿ ಇಡು, ಮೇಲೆ ಬೀಳು ಅನ್ನುವ ಅರ್ಥಗಳಿವೆ! ಒಂದು ಪದ ಮಂಡಿ ಊರಿದೆ, ಇನ್ನೊಂದು ಎದ್ದು ನಡೆದಿದೆ. ಇಂಗ್ಲಿಷರ ಕಚೇರಿ ಈ ಎರಡನ್ನೂ ಒಂದೇ ಕಾಗದದಲ್ಲಿ ಹೊಲಿದುಬಿಟ್ಟಿತು. ಹಂಬಲ್ ಪಿಟಿಷನರ್ ಅಂತ ಶುರುವಾಗಿ, ಕರ್ತವ್ಯಬದ್ಧನಾಗಿ ಸದಾ ಪ್ರಾರ್ಥಿಸುತ್ತಲೇ ಇರುತ್ತೇನೆ ಅಂತ ಮುಗಿಯಬೇಕು, ಅದು ಅವರ ಕಟ್ಟಳೆ. ಅವರ ದೇಶದಲ್ಲಿ 1689ರಷ್ಟು ಹಿಂದೆಯೇ ರಾಜನಿಗೆ ಅರ್ಜಿ ಕೊಡುವುದು ಪ್ರಜೆಯ ಹಕ್ಕು ಅಂತ ಕಾನೂನಾಗಿತ್ತು. ಹಕ್ಕಾದರೂ ಭಾಷೆ ಮಾತ್ರ ಮಂಡಿಯ ಮೇಲೇ ಇತ್ತು. ಚಾರ್ಟಿಸ್ಟರು ಅನ್ನುವ ಅಲ್ಲಿನ ಕೂಲಿಕಾರರು 1842ರಲ್ಲಿ ಮತದಾನದ ಹಕ್ಕಿಗಾಗಿ ಮೂವತ್ತು ಲಕ್ಷಕ್ಕೂ ಮಿಕ್ಕಿ ರುಜು ಹಾಕಿ ಪಾರ್ಲಿಮೆಂಟಿಗೆ ಒಯ್ದರೆ, ಪಾರ್ಲಿಮೆಂಟು ಅದನ್ನು ವಾಪಸ್ಸು ತಳ್ಳಿತು. ಬಿಳಿಯ ಬಡವನ ಪಾಡೂ ಅಷ್ಟೇ ಆಗಿತ್ತು.

ಇನ್ನು ನಮ್ಮ ಕನ್ನಡ. ಅರ್ಜಿ ಅರಬ್ಬಿಯಿಂದ ಬಂದದ್ದು. ಅದನ್ನು ಕೊಡುವುದಲ್ಲ, ಗುಜರಾಯಿಸಿಕೊಳ್ಳುವುದು. ಅಹವಾಲು, ಫಿರ್ಯಾದು, ಮಹಜರು ಎಲ್ಲ ದರ್ಬಾರಿನ ಜೊತೆಗೆ ಬಂದ ಮಾತುಗಳು. ಅದಕ್ಕೂ ಹಿಂದಿನದು ಬಿನ್ನಹ. ಶಾಸನಗಳ ತುಂಬ ಬಿನ್ನಹವೇ. ಶ್ರವಣಬೆಳಗೊಳದಲ್ಲಿ 1368ರ ಒಂದು ಶಾಸನ ಇದೆ. ಶ್ರೀವೈಷ್ಣವರು ಮಾಡುತ್ತಿದ್ದ ಅನ್ಯಾಯವನ್ನು ಜೈನರು ಬುಕ್ಕರಾಯನಿಗೆ ಬಿನ್ನಹ ಮಾಡಿದರು. ರಾಯ ಇಬ್ಬರ ಕೈಯನ್ನೂ ಹಿಡಿಸಿ ರಾಜಿ ಮಾಡಿಸಿದ. ಸರ್ವಧರ್ಮ ಸಮನ್ವಯ ಅಂತ ಪಠ್ಯಪುಸ್ತಕಗಳು ಕೊಂಡಾಡುವ ಶಾಸನ ಅದು. ಅಲ್ಲಿ ನೆರೆದಿದ್ದವರ ಪಟ್ಟಿಯಲ್ಲಿ ತಿರುಕುಲ, ಜಾಂಬವಕುಲ ಎಂಬ ಹೆಸರುಗಳೂ ಬರುತ್ತವೆ. ನಮ್ಮ ಹೊಲೆಯರೂ ಮಾದಿಗರೂ ಅವು. ಗುಂಪಿನಲ್ಲಿ ನಮ್ಮವರು ಇದ್ದರು. ಬಿನ್ನಹ ಮಾಡಿದವರು ನಾವಲ್ಲ, ಬಿನ್ನಹ ಕೇಳಿದವರೂ ನಾವಲ್ಲ. ಬೇರೆಯವರ ನ್ಯಾಯಕ್ಕೆ ಆಳು ಲೆಕ್ಕ.

ಗೆಳೆಯರೇ, ಇಲ್ಲೊಂದು ಮಾತು ನಿಧಾನವಾಗಿ ನೋಡಬೇಕು. ನಮ್ಮಲ್ಲಿ ಅನೇಕರು, ಅದರಲ್ಲೂ ಓದಿದ ಹುಡುಗರು, ಅರ್ಜಿ ಅಂದರೆ ಗುಲಾಮಗಿರಿ ಅಂತ ಒಂದೇ ಏಟಿಗೆ ತಳ್ಳಿಬಿಡುತ್ತಾರೆ. ನಾವೂ ಹಾಗೆ ತಿಳಿದಿದ್ದೆವು. ತಾತನ ಟ್ರಂಕು ನೋಡಿ ಸಿಟ್ಟು ಬಂದದ್ದು ಕಚೇರಿಯ ಮೇಲಲ್ಲ, ತಾತನ ಮೇಲೆ. ಅರವತ್ತು ವರ್ಷ ಹೀಗೆ ಅಡ್ಡ ಬಿದ್ದನಲ್ಲ ಅಂತ. ಆ ಸಿಟ್ಟು ತಪ್ಪು ಅಂತ ನಮಗೆ ತಿಳಿಸಿದ್ದು ಧಾರವಾಡದ ಒಬ್ಬ ಹುಡುಗ.

1856ರ ಜೂನ್ ತಿಂಗಳು. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಸರ್ಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಬೇಕು ಅಂತ ಮಹಾರ್ ಜಾತಿಯ ಹುಡುಗನೊಬ್ಬನ ಅರ್ಜಿ ಸರ್ಕಾರಕ್ಕೆ ಹೋಯಿತು. ಎರಡು ವರ್ಷದ ಹಿಂದೆ, 1854ರಲ್ಲಿ, ವುಡ್‌ನ ಶಿಕ್ಷಣ ಖಲೀತೆ ಬಂದು ಜನಸಾಮಾನ್ಯರಿಗೆ ವಿದ್ಯೆ ಅಂತ ಡಂಗುರವಾಗಿತ್ತು. ಆ ಡಂಗುರವನ್ನು ನಿಜ ಅಂತ ನಂಬಿದವನು ಈ ಹುಡುಗ. ಜುಲೈ 21ಕ್ಕೆ ಸರ್ಕಾರದ ನಿರ್ಣಯ ಹೊರಬಿತ್ತು. ಅದರ ಸಾರ ಹೀಗಿದೆ: ಇದು ಬಹಳ ಕಷ್ಟದ ಪ್ರಶ್ನೆ. ತತ್ವದ ನ್ಯಾಯವೇನೋ ಈ ಮಹಾರ್ ಪಿಟಿಷನರನ ಕಡೆಯೇ ಇದೆ, ಸಂಶಯವಿಲ್ಲ. ಆದರೆ ಒಬ್ಬಿಬ್ಬರ ಸಲುವಾಗಿ ಯುಗಯುಗಗಳ ಪೂರ್ವಗ್ರಹದಲ್ಲಿ ಏಕಾಏಕಿ ಕೈ ಹಾಕಿದರೆ ವಿದ್ಯೆಯ ಕೆಲಸಕ್ಕೇ ಧಕ್ಕೆ. ಈ ತೊಂದರೆ ನಮ್ಮ ಸರ್ಕಾರ ಹುಟ್ಟಿಸಿದ್ದಲ್ಲ. ಅವನು ಬೇಡುತ್ತಿರುವಂತೆ ಮಧ್ಯೆ ಬಂದು ಅದನ್ನು ತೆಗೆದುಹಾಕಲು ಸರ್ಕಾರಕ್ಕಾಗದು.

ಆ ಕೊನೆಯ ಮಾತು ನೋಡಿ. ಅವನು ಬೇಡುತ್ತಿರುವಂತೆ. ನ್ಯಾಯ ಅವನ ಕಡೆ ಇದೆ ಅಂತ ಎರಡನೇ ಸಾಲಿನಲ್ಲಿ ಬರೆದ ಕೈಯೇ ಕೊನೆಯಲ್ಲಿ ಅವನನ್ನು ಬೇಡುವವನನ್ನಾಗಿ ಮಾಡಿಬಿಟ್ಟಿತು. ನ್ಯಾಯ ಇದ್ದವನು ಬೇಡುವುದು ಎಲ್ಲಿಂದ ಬಂತು? ಅವನು ಕೇಳಿದ, ಅಷ್ಟೇ. ಬೆಗ್ ಅನ್ನುವುದು ಕಚೇರಿಯ ಲೆಕ್ಕಣಿಕೆಯ ಪದ. ನಿರ್ಣಯದಲ್ಲಿ ಹುಡುಗನ ಹೆಸರೂ ಇಲ್ಲ. ಮಹಾರ್ ಪಿಟಿಷನರ್, ಅಷ್ಟೇ ಅವನ ಹೆಸರು. ಆದರೆ ಯೋಚಿಸಿ: ಹೊಲಗೇರಿಯ ಹುಡುಗ ಅಗಸೆಯಿಂದೊಳಗೆ ಮೆಟ್ಟು ಹಾಕಿಕೊಂಡು ನಡೆಯಲಾಗದ ಕಾಲದಲ್ಲಿ, ಮುಂಬಯಿಯ ಗವರ್ನರನ ಮೇಜಿನ ತನಕ ಹೋಗುವ ಕಾಗದವನ್ನು ಒಬ್ಬ ಕಳಿಸಿದ. ಆ ಕಾಗದದ ಒಳಗೆ ಎಷ್ಟೇ ಹಂಬಲ್ ಅಂತ ಬರೆದಿದ್ದರೂ ಅದನ್ನು ಕಳಿಸಿದವನು ಮಂಡಿ ಊರಿದವನಲ್ಲ. ಎದ್ದು ನಿಂತವನು. ಕಚೇರಿ ಉತ್ತರ ಕೊಟ್ಟದ್ದು ಕಾಗದದ ಮಂಡಿಗೆ. ನಿಂತ ಮನುಷ್ಯನಿಗೆ ಕೊಡಲಿಲ್ಲ.

ಈ ಕತೆ ಅಲ್ಲಿಗೇ ನಿಲ್ಲಲಿಲ್ಲ. ಕಲ್ಕತ್ತೆಯ ಭಾರತ ಸರ್ಕಾರ 1857ರ ಆರಂಭದಲ್ಲಿ ಮುಂಬಯಿಯವರು ವಿವೇಕದಿಂದಲೇ ನಡೆದಿರಬಹುದು, ಆದರೆ ಬಂಗಾಳದಲ್ಲಾಗಿದ್ದರೆ ಈ ಹುಡುಗನನ್ನು ಯಾವ ಸರ್ಕಾರಿ ಶಾಲೆಯೂ ಬೇಡ ಅನ್ನುತ್ತಿರಲಿಲ್ಲ ಅಂತ ಬರೆಯಿತು. ಎರಡೂ ಕಡೆ ಮದ್ದಳೆ ಬಾರಿಸುವ ಕಲೆ ಆಗಲೂ ಇತ್ತು. 1858ರಲ್ಲಿ ಲಂಡನ್ನಿನ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ಜಾತಿಗೂ ತೆರೆದದ್ದು ಅಂತ ತತ್ವ ಹೇಳಿದರು. 1882ರ ಹಂಟರ್ ಆಯೋಗ ಆ ತತ್ವವನ್ನೇ ಮತ್ತೆ ಹೇಳಿತು. ತತ್ವಕ್ಕೇನು ಬರ. ಎಪ್ಪತ್ತೆರಡು ವರ್ಷದ ನಂತರ, 1928ರಲ್ಲಿ, ಸೈಮನ್ ಆಯೋಗಕ್ಕೆ ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಹೇಳಿಕೆ ಕೊಟ್ಟ ಬಾಬಾಸಾಹೇಬರು ಧಾರವಾಡದ ಆ ಹುಡುಗನ ನಿರ್ಣಯವನ್ನು ಹುಡುಕಿ ತೆಗೆದು ಮುಂದಿಟ್ಟರು. ಹೆಸರಿಲ್ಲದ ಹುಡುಗನ ತಿರಸ್ಕೃತ ಅರ್ಜಿ ಸರ್ಕಾರದ ಮೇಲಿನ ಸಾಕ್ಷಿಯಾಯಿತು. ನಮ್ಮ ಕರ್ನಾಟಕದ ದಲಿತ ಚರಿತ್ರೆ ಬರೆಯುವವರು ಆ ಹುಡುಗನನ್ನು ಮೊದಲ ಪುಟದಲ್ಲಿ ಇಡಬೇಕು ಅಂತ ನಮ್ಮ ಅಭಿಪ್ರಾಯ.

ಅದೇ ಶತಮಾನದ ಕೊನೆಗೆ ಇಂಥ ಅರ್ಜಿಗಳು ಎಲ್ಲ ಕಡೆ ಎದ್ದವು. ಮದರಾಸಿನಲ್ಲಿ 1893ರಲ್ಲಿ ರೆಟ್ಟಮಲೈ ಶ್ರೀನಿವಾಸನ್ ಪರೆಯರ ಮಹಾಜನ ಸಭೆಯಿಂದ ಒಂದು ಪಿಟಿಷನ್ ಮಾಡಿಸಿದರು. ಐ.ಸಿ.ಎಸ್. ಪರೀಕ್ಷೆಯನ್ನು ಇಂಡಿಯಾದಲ್ಲೂ ನಡೆಸಿದರೆ ಜಾತಿವಂತರೇ ಅಧಿಕಾರಿಗಳಾಗಿ ನಮ್ಮ ತಲೆಯ ಮೇಲೆ ಕೂರುತ್ತಾರೆ, ಬೇಡ ಅಂತ. 112 ಅಡಿ ಉದ್ದದ ಕಾಗದ, 3,412 ರುಜು. ಮರುವರ್ಷ ಕೊಂಕಣದ ಗೋಪಾಲಬಾಬಾ ವಲಂಗಕರರು ಸೈನ್ಯದಲ್ಲಿ ಮಹಾರರ ಭರ್ತಿ ನಿಲ್ಲಿಸಿದ್ದರ ವಿರುದ್ಧ ವಿನಂತಿಪತ್ರ ಬರೆದರು. ಹೆಸರೇ ವಿನಂತಿಪತ್ರ. ಸುಮಾರು ಅದೇ ಕಾಲದಲ್ಲಿ ಕಾಂಗ್ರೆಸ್ಸಿನ ಒಳಗೆ ತಿಲಕರ ಕಡೆಯವರು ಮಂದಗಾಮಿಗಳನ್ನು ಭಿಕ್ಷುಕ ರಾಜಕಾರಣದವರು ಅಂತ ಹಂಗಿಸುತ್ತಿದ್ದರು. ಪ್ರಾರ್ಥನೆ ಸಾಕು, ಪಿಟಿಷನ್ ಸಾಕು ಅಂತ. ಸರಿಯೇ. ಆದರೆ ಅವರಿಗೆ ಅರ್ಜಿ ಹಳೆಯ ಚಪ್ಪಲಿ, ಬಿಸಾಕಬಹುದಿತ್ತು. ನಮ್ಮವರಿಗೆ ಅದು ಮೊದಲ ಚಪ್ಪಲಿ. ಅರ್ಜಿ ಬರೆಯಲಿಕ್ಕೆ ಅಕ್ಷರ ಬೇಕು, ಕೊಡಲಿಕ್ಕೆ ಕಚೇರಿಯ ಮೆಟ್ಟಿಲು ಹತ್ತಬೇಕು, ರುಜು ಹಾಕಿ ಊರಿಗೆ ವಾಪಸ್ಸು ಬಂದು ಅದೇ ಗೌಡನ ಹೊಲದಲ್ಲಿ ಕೂಲಿ ಮಾಡಬೇಕು. ಆ ಧೈರ್ಯ ಯಾವ ಬಾಂಬಿಗೆ ಕಮ್ಮಿ?

ನಮ್ಮ ಮೈಸೂರಿಗೆ ಬರೋಣ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಅಕ್ಟೋಬರ್ 7ರಂದು 144 ಜನ ಸೇರಿದರು. ದೇಶೀ ಸಂಸ್ಥಾನಗಳಲ್ಲೇ ಮೊದಲನೆಯದು ಅಂತ ಈಗಲೂ ಹೆಮ್ಮೆ. ದಸರಾ ಸಮಯಕ್ಕೆ ಸಭೆ. ಕಾನೂನು ಮಾಡುವ ಅಧಿಕಾರ ಇರಲಿಲ್ಲ. ದಿವಾನರ ಭಾಷಣ ಕೇಳುವುದು, ತಮ್ಮ ತಾಲ್ಲೂಕಿನ ಕಷ್ಟ ಅರಿಕೆ ಮಾಡಿಕೊಳ್ಳುವುದು. ಜಮೀನು, ವ್ಯಾಪಾರ, ಕಂದಾಯ ಇದ್ದವರ ಸಭೆ ಅದು. ಅಂದರೆ ಒಳಗೆ ಕುಂತವರೂ ಬೇಡುವವರೇ. ಅವರ ಹೊಲದಲ್ಲಿ ಜೀತಕ್ಕಿದ್ದವನಿಗೆ ಆ ಬೇಡುವ ಜಾಗವೂ ಇರಲಿಲ್ಲ. ಅವನ ಬಾಯಲ್ಲಿ ಇದ್ದದ್ದು ಒಂದೇ ಅರ್ಜಿ: ಅಡ್ಡಬಿದ್ದೆ ಬುದ್ಧಿ.

ತಗಡೂರಿಗೂ ಚರಿತ್ರೆ ಇದೆ. ಆ ಊರಿನ ರಾಮಚಂದ್ರರಾಯರು ಖಾದಿ ಕಟ್ಟಿದರು, ಚಳವಳಿ ಕಟ್ಟಿದರು, ಜೈಲಿಗೂ ಹೋದರು. ಅವರ ಹೆಸರಿನ ಮುಂದೆ ಊರ ಹೆಸರು ಅಂಟಿಕೊಂಡಿತು. 1934ರ ಜನವರಿಯಲ್ಲಿ ಹರಿಜನ ಯಾತ್ರೆಯ ಮೇಲೆ ಬಂದ ಗಾಂಧೀಜಿ ತಗಡೂರಿಗೂ ಬಂದರು, ಹತ್ತಿರದ ಬದನವಾಳಿಗೂ ಹೋದರು. ಆ ಯಾತ್ರೆಯ ಉದ್ದಕ್ಕೂ ಊರೂರಿನಲ್ಲಿ ಗಾಂಧೀಜಿಗೆ ಬಿನ್ನವತ್ತಳೆ ಅರ್ಪಿಸುವುದು, ಅವರು ಅದನ್ನು ಅಲ್ಲೇ ಹರಾಜು ಹಾಕಿ ಹರಿಜನ ನಿಧಿಗೆ ದುಡ್ಡು ಸೇರಿಸುವುದು ನಡೆದಿತ್ತು. ಬಿನ್ನವತ್ತಳೆ ಅಂದರೂ ಬಿನ್ನಹದ ಮನೆತನವೇ. ಆ ಕಾಗದಕ್ಕಾದರೂ ಒಂದು ಬೆಲೆ ಬಂತು ಬಿಡಿ, ತಾತನ ಮೂವತ್ತೊಂದನ್ನು ತಕ್ಕಡಿಗೆ ಹಾಕಿದರೂ ಕಾಲು ಕೆ.ಜಿ. ತೂಗುವುದಿಲ್ಲ.

ಗಾಂಧೀಜಿಯನ್ನು ಹಳಿಯುವುದು ಇಲ್ಲಿ ನಮ್ಮ ಕೆಲಸ ಅಲ್ಲ. ಅರವತ್ತನಾಲ್ಕರ ವಯಸ್ಸಿನಲ್ಲಿ ದೇಶ ಸುತ್ತಿ ಮೇಲ್ಜಾತಿಯವರ ಮುಂದೆ ನಿಮ್ಮ ಪಾಪ ತೊಳೆದುಕೊಳ್ಳಿ ಅಂತ ಅವರು ಅಂಗಲಾಚಿದರು. ಸಪ್ಲಿಕಂಟ್ ಅನ್ನುವ ಪದ ಸರಿಯಾಗಿ ಒಪ್ಪುವುದು ಅವರಿಗೇ. ತೊಂದರೆ ಎಲ್ಲಿ ಅಂದರೆ, ಬೇಡಿದವರು ಅವರು, ಬೇಡಿಸಿಕೊಂಡವರು ಸವರ್ಣೀಯರು, ನಾವು ಬೇಡಿಕೆಯ ವಸ್ತು. ನಮ್ಮ ಹೆಸರಿನ ಯಾತ್ರೆಯಲ್ಲಿ ನಮ್ಮ ಬಾಯಿಗೆ ಕೆಲಸ ಇರಲಿಲ್ಲ. ಮನ ಒಲಿದರೆ ಬಾಗಿಲು ತೆರೆದೀತು ಅಂತ ಕಾಯುವುದು ನಮ್ಮ ಪಾಲಿನ ಕೆಲಸ. ಗಾಂಧೀಜಿ ನಡೆದುಹೋದ ಅದೇ ಬದನವಾಳಿನಲ್ಲಿ 1993ರ ಮಾರ್ಚಿನಲ್ಲಿ, ಸಿದ್ಧೇಶ್ವರ ಗುಡಿಯ ಪ್ರವೇಶದ ತಕರಾರಿನ ಬೆನ್ನಿಗೆ, ಮೂವರು ದಲಿತರನ್ನು ಕೊಂದರು. ಐವತ್ತೊಂಬತ್ತು ವರ್ಷ ಆಗಿತ್ತು. ನಾವು ಆಗ ಹುಟ್ಟಿರಲಿಲ್ಲ. ಅಪ್ಪ ಈಗಲೂ ಆ ರಸ್ತೆಯಲ್ಲಿ ಬಸ್ಸು ಹೋಗುವಾಗ ಮಾತು ನಿಲ್ಲಿಸುತ್ತಾನೆ.

ಗಾಂಧೀಜಿ ಇಲ್ಲಿಗೆ ಬರುವ ಏಳು ವರ್ಷ ಮೊದಲೇ ಇನ್ನೊಂದು ದಾರಿ ಮಹಾಡಿನಲ್ಲಿ ತೆರೆದಿತ್ತು. ಮುಂಬಯಿ ಶಾಸನಸಭೆ 1923ರಲ್ಲಿ ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಅಂತ ಠರಾವು ಮಾಡಿತ್ತು. ಮಹಾಡಿನ ಪುರಸಭೆಯೂ ಚವದಾರ್ ಕೆರೆಯನ್ನು ಕಾಗದದ ಮೇಲೆ ತೆರೆದಿತ್ತು. ನೀರು ಮಾತ್ರ ಕಾಗದದಿಂದ ಇಳಿಯಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಬೊಗಸೆಯಲ್ಲಿ ನೀರೆತ್ತಿ ಕುಡಿದರು. ಯಾರ ಅಪ್ಪಣೆಯನ್ನೂ ಬೇಡಲಿಲ್ಲ. ಆಮೇಲೆ ಏನಾಯಿತು ಗೊತ್ತೆ? ಕೆರೆ ನಮ್ಮದು, ಇವರನ್ನು ತಡೆಯಿರಿ ಅಂತ ಮೇಲ್ಜಾತಿಯವರು ಅದೇ ವರ್ಷ ಡಿಸೆಂಬರಿನಲ್ಲಿ ಕೋರ್ಟಿಗೆ ದಾವೆ ಹಾಕಿದರು. ಪ್ರತಿವಾದಿ ಅಂಬೇಡ್ಕರ್. ಹೈಕೋರ್ಟಿಗೂ ಮೇಲ್ಮನವಿ ಒಯ್ದವರು ಅವರೇ, 1937ರಲ್ಲಿ ಸೋತವರೂ ಅವರೇ. ಸಾವಿರಾರು ವರ್ಷದಲ್ಲಿ ಮೊದಲ ಬಾರಿಗೆ ಬೇಡುವವನ ಜಾಗದಲ್ಲಿ ಅವರು ನಿಂತರು! ನಿಘಂಟಿನ ಆ ಹಳೆಯ ಬೇರು, ಕಡೆಗೆ ನಡೆ ಅನ್ನುವುದು, ಮಹಾಡಿನಲ್ಲಿ ಕಾಲು ಪಡೆಯಿತು.

ಆ ಮನುಷ್ಯನೇ ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷ. ಮೂಲಭೂತ ಹಕ್ಕಿಗಾಗಿ ಸುಪ್ರೀಂ ಕೋರ್ಟಿಗೆ ಹೋಗುವ 32ನೇ ವಿಧಿ ಎಲ್ಲರಿಗೂ ಗೊತ್ತು. 350ನೇ ವಿಧಿ ನಮ್ಮ ಮೇಷ್ಟ್ರುಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ಯಾವುದೇ ಕುಂದುಕೊರತೆಯ ಪರಿಹಾರಕ್ಕೆ, ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡಲು ಪ್ರತಿಯೊಬ್ಬನೂ ಹಕ್ಕುಳ್ಳವನು ಅಂತ ಅದು ಹೇಳುತ್ತದೆ. ಹಕ್ಕುಳ್ಳವನು. ಬೇಡುವವನು ಅಲ್ಲ. ಮಾಹಿತಿ ಹಕ್ಕಿನ 2005ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಾಹಿತಿ ಯಾಕೆ ಬೇಕು ಅಂತ ಅರ್ಜಿದಾರನನ್ನು ಕೇಳುವಂತೆಯೇ ಇಲ್ಲ. ಆದರೂ ನಮ್ಮ ಶಾಲೆಗಳಲ್ಲಿ ಪತ್ರಲೇಖನ ಅಂತ ಮಕ್ಕಳಿಗೆ ಮೊದಲು ಕಲಿಸುವುದು ಏನನ್ನು? ಜ್ವರ ಬಂದಿದೆ, ದಯಮಾಡಿ ಎರಡು ದಿನ ರಜೆ ಕೊಡಬೇಕಾಗಿ ಬೇಡಿಕೊಳ್ಳುತ್ತೇನೆ, ಇಂತಿ ತಮ್ಮ ವಿಧೇಯ ವಿದ್ಯಾರ್ಥಿ. ಹತ್ತು ವರ್ಷದ ಮಗುವಿಗೆ ಜ್ವರ ಬಂದದ್ದೂ ಅಪರಾಧ! ಸಂವಿಧಾನ 350ರಲ್ಲಿ ಎತ್ತಿ ನಿಲ್ಲಿಸಿದವನನ್ನು ನಾವು ಐದನೇ ಕ್ಲಾಸಿನಲ್ಲಿ ಮಡಿಸಿಡುತ್ತೇವೆ.

ಇನ್ನು ಭೂಮಿ. ತಾತನ ಎರಡು ಎಕರೆ. ಸರ್ಕಾರ ನಮ್ಮವರಿಗೆ ಕೊಟ್ಟ ಜಮೀನಿಗೆ ಹಳೇ ಮೈಸೂರಿನಲ್ಲಿ ದರಖಾಸ್ತು ಜಮೀನು ಅಂತಾರೆ. ದರಖಾಸ್ತು ಅಂದರೆ ಪಾರ್ಸಿಯಲ್ಲಿ ಕೋರಿಕೆ, ಅರ್ಜಿ. ಗುಡಿಯ ಜಮೀನಿಗೆ, ಅಗ್ರಹಾರದ ಜಮೀನಿಗೆ ಇನಾಂ ಅಂತ ಹೆಸರು, ಬಹುಮಾನ ಅಂತ ಅರ್ಥ. ಅವರದು ಬಹುಮಾನದ ಮಣ್ಣು, ನಮ್ಮದು ಬೇಡಿದ ಮಣ್ಣು. ಹೆಸರಲ್ಲೇ ತೀರ್ಮಾನ ಆಗಿಹೋಗಿದೆ. ನಮ್ಮಲ್ಲೂ ಕೆಲವರಿಗೆ ತೋಟಿ ತಳವಾರಿಕೆಯ ಇನಾಂ ಇತ್ತು, ನಿಜ. ಅದು ಚಾಕರಿಯ ಕಂಬಕ್ಕೆ ಕಟ್ಟಿದ ಹಗ್ಗ. ತಾತನದು ದರಖಾಸ್ತೂ ಆಗಲಿಲ್ಲ, ಬಗರ್ ಹುಕುಂ ಆಗಿ ಉಳಿಯಿತು. ಹುಕುಂ ಇಲ್ಲದ್ದು. ಅದನ್ನು ಸಕ್ರಮ ಮಾಡಿಸಿಕೊಳ್ಳಬೇಕಾದರೆ ನಾನು ಅಕ್ರಮ ಸಾಗುವಳಿದಾರ ಅಂತ ಮೊದಲು ಅವನೇ ಒಪ್ಪಿಕೊಳ್ಳಬೇಕು. ತೊಂಬತ್ತರ ದಶಕದಲ್ಲಿ ಫಾರಂ 50 ತುಂಬಿದ. ಆಮೇಲೆ 53 ಬಂತು, ಅದನ್ನೂ ತುಂಬಿದ. 2018ರಲ್ಲಿ 57 ಬಂತು. ಅದನ್ನು ತುಂಬಿದವರು ನಾವು. ತಾತ ಹೆಬ್ಬೆಟ್ಟು ಒತ್ತುವಾಗ ಕೈ ನಡುಗಿ ಎರಡು ಸಲ ಒತ್ತಿದ.

ಬೇಡದೆ ಬಂದ ಕಾನೂನೂ ಒಂದುಂಟು ಅಂತ ಹೇಳದಿದ್ದರೆ ಅನ್ಯಾಯವಾದೀತು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸಿದ 1978ರ ಪಿ.ಟಿ.ಸಿ.ಎಲ್. ಕಾಯ್ದೆ ದೇವರಾಜ ಅರಸರ ಕಾಲದ್ದು. ಕಳೆದುಕೊಂಡವನು ಅರ್ಜಿ ಕೊಡಬಹುದು. ಕೊಡದಿದ್ದರೂ ಉಪವಿಭಾಗಾಧಿಕಾರಿ ತಾವೇ ಕೈಗೆತ್ತಿಕೊಳ್ಳಬಹುದು. ಆದರೆ 2017ರಲ್ಲಿ ಸುಪ್ರೀಂ ಕೋರ್ಟು ಅರ್ಜಿ ಸಕಾಲದಲ್ಲಿ ಬರಬೇಕು, ತೀರಾ ತಡವಾದರೆ ಆಗದು ಅಂದಿತು. ಅಕ್ಷರ ಇಲ್ಲದವನಿಗೆ ಕಾನೂನಿನ ಸುದ್ದಿ ಮುಟ್ಟುವುದೇ ಇಪ್ಪತ್ತು ವರ್ಷಕ್ಕೆ, ಅವನಿಗೆ ಸಕಾಲ ಯಾವುದು? ಹೋರಾಟಗಾರರು ತಿಂಗಳುಗಟ್ಟಲೆ ಬೀದಿಯಲ್ಲಿ ಕುಂತ ಮೇಲೆ 2023ರಲ್ಲಿ ಕಾಲಮಿತಿ ಅಡ್ಡಿಯಾಗಬಾರದು ಅಂತ ತಿದ್ದುಪಡಿ ಬಂತು. ಅರ್ಜಿಯಿಂದಲ್ಲ, ಕುಂತದ್ದರಿಂದ.

ಟ್ರಂಕಿನ ಮೂವತ್ತೊಂದರಲ್ಲಿ ಒಂದೇ ಒಂದು ಕಾಗದ ಬೇರೆ ಥರ ಇತ್ತು. ಎಂಬತ್ತರ ದಶಕದ್ದು. ಅದು ದಸಂಸದ ಹುಡುಗರು ಕೇರಿಗೆ ಬಂದು ರಾತ್ರಿ ಸಭೆ ಮಾಡಿ ಬರೆದದ್ದು ಅಂತ ಅಪ್ಪ ಹೇಳಿದ. ದೇವನೂರು ಇರುವ ತಾಲ್ಲೂಕು ಇದು, ಸಮಿತಿಯ ಮಾತು ಇಲ್ಲಿಗೆ ಬೇಗ ಬಂತು. ಆ ಕಾಗದದಲ್ಲಿ ನಾನು ಇಲ್ಲ, ನಾವು. ಬೇಡಿಕೊಳ್ಳುತ್ತೇನೆ ಇಲ್ಲ, ಒತ್ತಾಯಿಸುತ್ತೇವೆ. ಕೆಳಗೆ ಇತಿ ತಮ್ಮ ವಿಧೇಯ ಇರಬೇಕಾದ ಜಾಗದಲ್ಲಿ ಹೆಬ್ಬೆಟ್ಟುಗಳು, ಒಂದರ ಮೇಲೊಂದು ಹತ್ತಿ, ಹೆಂಗಸರದೂ ಸೇರಿ. ಕನ್ನಡ ಎಂಥ ಭಾಷೆ ನೋಡಿ. ಬೇಡು ಅನ್ನುವುದರಿಂದಲೇ ಬೇಡಿಕೊಳ್ಳುವುದೂ ಹುಟ್ಟಿದೆ, ಬೇಡಿಕೆಯೂ ಹುಟ್ಟಿದೆ. ಒಬ್ಬನೇ ಹೋದರೆ ಬೇಡಿಕೊಳ್ಳುವುದು, ಊರೇ ಹೋದರೆ ಬೇಡಿಕೆ. ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ಸಮಿತಿ ಕೂಗಿದಾಗ ಆ ಬೇಕು ಬೇಡಗಳಿಗೆ ಯಾರ ಪಾದಾರವಿಂದವೂ ಬೇಕಿರಲಿಲ್ಲ.

ತಾತ ಇದ್ದಾಗ ಆ ಕಾಗದದ ಬಗ್ಗೆ ಒಮ್ಮೆ ಕೇಳಿದ್ದೆವು. ಅವನು ಹೇಳಿದ್ದು ಇಷ್ಟೇ: ‘ಅದುಕ್ಕೂ ಉತ್ರ ಬರ್ನಿಲ್ಲ ಕನ ಮಗ. ಆದ್ರೆ ಅವತ್ತು ರಾತ್ರ ವಸಿ ನಿದ್ದ ಬಂತು.’

ಹೋದ ವರ್ಷ ಅಪ್ಪನ ಹೆಸರಿನಲ್ಲಿ ಮೂವತ್ತೆರಡನೆಯದನ್ನು ಬರೆದೆವು. ಫಾರಂ 57ರ ಗತಿ ಏನಾಯಿತು ಅಂತ ಕೇಳುವ ಕಾಗದ. ಯಾವ ದಿನ ಕೊಟ್ಟದ್ದು, ಸ್ವೀಕೃತಿ ನಂಬರು, ಸಮಿತಿಯ ಮುಂದೆ ಇಟ್ಟಿದ್ದಾರೋ ಇಲ್ಲವೋ, ಇಡದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡುವುದು. ಅಷ್ಟೇ. ಕೊನೆಗೆ ಅಪ್ಪನ ಹೆಸರು, ಅಪ್ಪನ ರುಜು. ಅಪ್ಪ ಏಳನೇ ಕ್ಲಾಸು, ರುಜು ಹಾಕುತ್ತಾನೆ. ಕಚೇರಿಯ ಕಿಟಕಿಯಲ್ಲಿದ್ದವರು ಓದಿ, ಕಾಗದ ತಿರುವಿ ಹಿಂದೆ ನೋಡಿದರು. ‘ಕೊನೇ ಸಾಲು ಬಿಟ್ಟೋಗಿದೆಯಲ್ಲಪ್ಪ’ ಅಂದರು. ‘ಬಿಟ್ಟೋಗಿಲ್ಲ ಸಾರ್, ಅಷ್ಟೇ ಇರೋದು’ ಅಂದೆವು. ಅವರು ಒಂದು ಗಳಿಗೆ ಅಪ್ಪನ ಮುಖ ನೋಡಿದರು. ಅಪ್ಪ ನೆಲ ನೋಡಿದ. ಮುದ್ರೆ ಬಿತ್ತು.

ಬಸ್‌ಸ್ಟ್ಯಾಂಡಿನ ತನಕ ಅಪ್ಪ ಮಾತಾಡಲಿಲ್ಲ. ತಗಡೂರಿನ ಬಸ್ಸು ಹತ್ತಿ ಕುಂತ ಮೇಲೆ, ಟಿಕೆಟ್ಟಿನ ಚಿಲ್ಲರೆ ಎಣಿಸುತ್ತ ಅಂದ: ‘ಒಂದ್ ಗೆರೆ ಬರ್ದಿದ್ರ ನಿನ್ ಗಂಟೇನೋಯ್ತಿತ್ತು ಮಗ? ಅವ್ರು ಮನ್ಸ್ ಮಾಡ್ಬೇಕಲ್ವಾ.’ ನಮ್ಮ ಕೈಯಲ್ಲಿ ಇಂಗ್ಲಿಷ್ ನಿಘಂಟಿನ ಅರ್ಥಗಳಿದ್ದವು, ಧಾರವಾಡದ ಹುಡುಗನಿದ್ದ, ಮಹಾಡು ಇತ್ತು, 350ನೇ ವಿಧಿ ಇತ್ತು. ಅಪ್ಪನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸ್ವೀಕೃತಿಯ ಚೀಟಿಯನ್ನು ಮಡಿಸದೆ ಪುಸ್ತಕದ ನಡುವೆ ಇಟ್ಟೆವು. ಪಹಣಿ ಇನ್ನೂ ಬಂದಿಲ್ಲ.